ಬಿತ್ತುವ ಮೊದಲೇ ಕಳೆಗೆ ಕೈ ಹಾಕಿದ್ದು: ಹಿತ್ತಲ ಕೆಲಸದ ಟಿಪ್ಪಣಿ

ಜಾಗ: ಮೈಸೂರಿನ ಹೊರಗಿನ ಬಡಾವಣೆಯೊಂದರಲ್ಲಿ ನಮ್ಮ ಮನೆ ಹಿತ್ತಲು. 30 ಅಡಿ ಉದ್ದ, 12 ಅಡಿ ಅಗಲ. ಕೆಂಪು ಮಣ್ಣು. ಮನೆ ಕಟ್ಟಿದ ಮೇಲೆ ಅಲ್ಲಿ ಯಾರೂ ಏನೂ ಬೆಳೆದಿಲ್ಲ. ಕಳೆ ಮಾತ್ರ ತಾನಾಗಿ ಬೆಳೆದುಕೊಂಡಿದೆ. ಮೃಗಶಿರಾ ಮಳೆಯ ಹೊತ್ತಿಗೆ, ಅಂದರೆ ಜೂನ್ ಎರಡನೇ ವಾರಕ್ಕೆ, ಬೆಂಡೆ ಬೀಜ, ಬದನೆ ಮತ್ತು ಮೆಣಸಿನ ಸಸಿ, ಒಂದು ಮಡಿ ಸೊಪ್ಪು ನೆಲಕ್ಕೆ ಬೀಳಬೇಕು. ಕೆಲಸ ಶುರುವಾಗಿದ್ದು ಅಶ್ವಿನಿ ಮಳೆ ಹುಟ್ಟುವ ಹೊತ್ತಿಗೆ, ಏಪ್ರಿಲ್ ನಡುವೆ.

ಎರಡು ತಿಂಗಳು ಮುಂಚೆ ಯಾಕೆ ಅಂತ ಮನೆಯಲ್ಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಸಾಮಾನ್ಯವಾಗಿ ನಾವು ಮಾಡುವುದು ಏನು? ಒಂದು ಭಾನುವಾರ ಆಳು ಕರೆಸಿ ಎಲ್ಲ ಕೆತ್ತಿಸುತ್ತೇವೆ, ಗೊಬ್ಬರ ಸುರಿಯುತ್ತೇವೆ, ಮಾರನೇ ದಿನ ಬೀಜ ಹಾಕುತ್ತೇವೆ. ಹದಿನೈದು ದಿನಕ್ಕೆ ಕೊತ್ತಂಬರಿಗಿಂತ ಕಳೆ ಎತ್ತರ. ಒಮ್ಮೆ ಬಿತ್ತಿದ ಮೇಲೆ ಗುದ್ದಲಿ ಆಡಿಸುವಂತಿಲ್ಲ. ದಂಟಿನ ಮೊಳಕೆ ಯಾವುದು, ಮುಳ್ಳು ದಂಟಿನ ಮೊಳಕೆ ಯಾವುದು ಅಂತ ಎರಡೆಲೆಯಲ್ಲಿ ಗೊತ್ತೇ ಆಗುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಕೀಳಬೇಕು. ನೆಲ ಖಾಲಿ ಇದ್ದಾಗಲಾದರೆ ಅದೇ ಕೆಲಸ ನಿಂತುಕೊಂಡೇ ಆಗುತ್ತದೆ.

ಮೊದಲು ಗುರುತು ಹಿಡಿಯುವುದು

ಗುದ್ದಲಿ ಹಿಡಿಯೋಕೆ ಮುಂಚೆ ಕುರ್ಪಿ ಹಿಡಿದು ಹಿತ್ತಲೆಲ್ಲ ಒಂದು ಸುತ್ತು ಬಂದೆ. ಕಳೆಯಲ್ಲಿ ಲೆಕ್ಕಕ್ಕೆ ಬರುವುದು ಎರಡೇ ಜಾತಿ. ಒಂದು ಬೀಜದಿಂದ ಬರುವುದು. ಇನ್ನೊಂದು ನೆಲದೊಳಗಿನ ಗಡ್ಡೆಯಿಂದ ಅಥವಾ ಬೇರಿನಿಂದ ಚಿಗುರುವುದು. ಎರಡಕ್ಕೂ ಮದ್ದು ತದ್ವಿರುದ್ಧ. ಬೀಜದ ಕಳೆಗೆ ನೀರು ಕೊಟ್ಟು, ಕರೆದು, ಹುಟ್ಟಿಸಿ ಕೊಲ್ಲಬೇಕು. ಗಡ್ಡೆ ಕಳೆಗೆ ನೀರು ತಪ್ಪಿಸಿ, ಒಣಗಿಸಿ ಕೊಲ್ಲಬೇಕು. ಇಡೀ ಹಿತ್ತಲಿಗೆ ಒಂದೇ ಉಪಾಯ ಮಾಡಿದರೆ ಅರ್ಧ ಕಳೆ ಸಾಯುತ್ತದೆ, ಇನ್ನರ್ಧಕ್ಕೆ ಅದೇ ಊಟವಾಗುತ್ತದೆ.

ನಡು ಜಾಗದಲ್ಲೆಲ್ಲ ಬೀಜದ ಕಳೆ: ಕಾಂಗ್ರೆಸ್ ಗಿಡ, ಮುಳ್ಳು ದಂಟು, ಉತ್ತರಾಣಿ, ಗೋಣಿ ಸೊಪ್ಪು. ಕಾಂಪೌಂಡ್ ಗೋಡೆ ಉದ್ದಕ್ಕೂ ಗರಿಕೆ. ನಲ್ಲಿ ಪಕ್ಕ, ಮನೆ ಕಟ್ಟುವಾಗ ಟಿಪ್ಪರ್‌ನಲ್ಲಿ ತರಿಸಿ ಸುರಿಸಿದ ಮಣ್ಣು ಇರುವ ಕಡೆ, ಜೇಕು. ಹೊರಗಿನ ಮಣ್ಣಿನ ಜೊತೆ ಜೇಕಿನ ಗಡ್ಡೆ ಬರುವುದು ಬಹಳ ಸಾಮಾನ್ಯ. ಮಣ್ಣು ಇಳಿಸಿಕೊಳ್ಳುವಾಗಲೇ ಒಂದು ಬಾಂಡ್ಲಿ ಜರಡಿ ಹಿಡಿದು ನೋಡುವುದು ಒಳ್ಳೆಯದು.

ಜೇಕನ್ನು ಹುಲ್ಲು ಅಂದುಕೊಳ್ಳುವವರೇ ಜಾಸ್ತಿ. ಪರೀಕ್ಷೆ ಸುಲಭ. ಹೂ ಬಿಟ್ಟ ದಂಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಉರುಳಿಸಿ. ಹುಲ್ಲಿನ ಕಡ್ಡಿಯಾದರೆ ಸಲೀಸಾಗಿ ಉರುಳುತ್ತದೆ. ಜೇಕಾದರೆ ಮೂರು ಏಣು ಬೆರಳಿಗೆ ಸಿಗುತ್ತವೆ. ಬುಡದಲ್ಲಿ ಕುರ್ಪಿ ಹಾಕಿ ಮೀಟಿದರೆ ದಾರದಂಥ ಬೇರಿನ ತುದಿಯಲ್ಲಿ ಒಂದು ಕಪ್ಪು ಗಡ್ಡೆ, ಅದರಿಂದ ಮುಂದಕ್ಕೆ ಇನ್ನೊಂದು ದಾರ, ಇನ್ನೊಂದು ಗಡ್ಡೆ. ಉಗುರಿನಿಂದ ಸೀಳಿದರೆ ಒಳಗೆ ಬೆಳ್ಳಗೆ, ಘಮ್ಮನೆ ವಾಸನೆ. ಆಯುರ್ವೇದದವರ ಭದ್ರಮುಷ್ಟಿ ಇದೇ. ಗ್ರಂಥಿಗೆ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವುದು ನಮ್ಮ ಹಿತ್ತಲಲ್ಲಿ ಬಿಟ್ಟಿ ಬಿದ್ದಿದೆ, ಬೇಡ ಅಂದರೂ ಹೋಗುತ್ತಿಲ್ಲ.

ಗೂಟ ಹೊಡೆದು, ದಾರ ಕಟ್ಟಿ ಹಿತ್ತಲನ್ನು ಮೂರು ಭಾಗ ಮಾಡಿದೆ. ಮುಂದೆಲ್ಲ ಈ ಮೂರು ಭಾಗದ ಲೆಕ್ಕದಲ್ಲೇ ಕೆಲಸ.

ಅಶ್ವಿನಿ: ಕಾಂಗ್ರೆಸ್ ಗಿಡಕ್ಕೆ ಮೊದಲ ಸರದಿ

ಇದು ಯಾಕೆ ಮೊದಲು ಅಂದರೆ, ನಲ್ಲಿ ನೀರಿನ ತೇವ ಸಿಕ್ಕ ಕಡೆ ಆಗಲೇ ಮೊಗ್ಗು ಕಟ್ಟುತ್ತಿತ್ತು. ಒಂದು ಗಿಡ ಹದಿನೈದು ಇಪ್ಪತ್ತು ಸಾವಿರ ಬೀಜ ಉದುರಿಸಬಲ್ಲದು. ಬೀಜಕ್ಕೆ ಕಾಲ ಅಂತ ಇಲ್ಲ, ತೇವ ಕಂಡರೆ ಹುಟ್ಟುತ್ತದೆ. ಹೂ ಬಿಡುವ ಮೊದಲು ಕಿತ್ತ ಗಿಡ ಗೊಬ್ಬರ, ಹೂ ಬಿಟ್ಟ ಮೇಲೆ ಕಿತ್ತದ್ದು ಮುಂದಿನ ವರ್ಷದ ಕೆಲಸ.

ರಾತ್ರಿ ಪೈಪಿನಲ್ಲಿ ನೀರು ಬಿಟ್ಟು ನೆಲ ನೆನೆಸಿ, ಬೆಳಗ್ಗೆ ಕಿತ್ತೆ. ಒಣ ನೆಲದಲ್ಲಿ ಎಳೆದರೆ ಬುಡದಲ್ಲೇ ತುಂಡಾಗುತ್ತದೆ, ಉಳಿದ ಬುಡ ಮತ್ತೆ ಚಿಗುರುತ್ತದೆ. ನೆಂದ ನೆಲದಲ್ಲಿ ತಾಯಿಬೇರು ಪೂರ್ತಿ ಬರುತ್ತದೆ. ಚೆಂಡುಹೂವಿನ ಗಿಡದಂಥ ಎಲೆಯನ್ನು ನೆಲಕ್ಕೆ ಹರಡಿಕೊಂಡು ಕೂತಿರುವ ಮರಿ ಗಿಡಗಳನ್ನು ಬಿಡಬೇಡಿ. ಅವುಗಳ ಬುಡಕ್ಕೆ ಕುರ್ಪಿ ಓರೆಯಾಗಿ ತೂರಿಸಿ ಎತ್ತಬೇಕು.

ಕೈಗವಸು, ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ ಕಡ್ಡಾಯ. ಈ ಗಿಡದಿಂದ ಚರ್ಮದ ತುರಿಕೆ, ಉಬ್ಬಸ ಬರುವುದು ನಿಜ. ಕೆಲವರಿಗೆ ಮೊದಲ ಸಲ ಏನೂ ಆಗುವುದಿಲ್ಲ, ಮುಟ್ಟುತ್ತಾ ಮುಟ್ಟುತ್ತಾ ಶುರುವಾಗುತ್ತದೆ. ಮಕ್ಕಳ ಕೈಲಿ ಈ ಕೆಲಸ ಮಾಡಿಸಬೇಡಿ. ಕಿತ್ತದ್ದನ್ನು ಸುಡಬೇಡಿ.

ಇದನ್ನು ತಿನ್ನುವ ಹುಳು ಇದೆಯಲ್ಲ, ಅದನ್ನು ತಂದು ಬಿಡಬಾರದಾ ಅಂತ ಗೆಳೆಯರೊಬ್ಬರು ಕೇಳಿದರು. ಇದೆ. 1956ರಲ್ಲಿ ಪುಣೆಯಲ್ಲಿ ಈ ಗಿಡ ಕಂಡುಬಂದ ಮೇಲೆ ದೇಶವೆಲ್ಲ ಹರಡಿತು. ಇದರ ಎಲೆ ಮೇಯುವ ಮೆಕ್ಸಿಕನ್ ದುಂಬಿಯನ್ನು ಭಾರತದಲ್ಲಿ ಮೊದಲು ಬಿಟ್ಟಿದ್ದು ನಮ್ಮ ಬೆಂಗಳೂರಿನ ಸುತ್ತಲೇ, 1984ರಲ್ಲಿ. ಬೆನ್ನ ಮೇಲೆ ಗೆರೆ ಇರುವ ಕೆನೆಬಣ್ಣದ ಸಣ್ಣ ದುಂಬಿ. ಮಳೆಗಾಲದಲ್ಲಿ ಖಾಲಿ ಸೈಟುಗಳಲ್ಲಿ ನೋಡಿದರೆ ಸಿಗುತ್ತದೆ. ಆದರೆ ಬೇಸಗೆಯಲ್ಲಿ ಅದು ಮಣ್ಣೊಳಗೆ ಮಲಗಿರುತ್ತದೆ, ಮಳೆ ಬಿದ್ದ ಮೇಲೇ ಏಳುವುದು. ಏಪ್ರಿಲ್ ಕೆಲಸಕ್ಕೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಸೊಪ್ಪಿನ ಮಡಿಗೆ ಪ್ಲಾಸ್ಟಿಕ್ ಹೊದಿಕೆ

ಸೊಪ್ಪಿನ ಮಡಿ 10 ಅಡಿಗೆ 4 ಅಡಿ. ಸಣ್ಣ ಬೀಜ ಚೆಲ್ಲುವ ಜಾಗವಾದ್ದರಿಂದ ಇಲ್ಲಿ ಕಳೆ ಕೀಳುವುದು ಎಲ್ಲಕ್ಕಿಂತ ಕಷ್ಟ. ಹಾಗಾಗಿ ಇದಕ್ಕೊಂದು ವಿಶೇಷ ಉಪಚಾರ: ಬಿಸಿಲಿನಲ್ಲಿ ಮಣ್ಣು ಬೇಯಿಸುವುದು. ಕೃಷಿ ವಿಜ್ಞಾನಿಗಳು ಇದನ್ನು ಸೋಲರೈಸೇಶನ್ ಅನ್ನುತ್ತಾರೆ. 1976ರಲ್ಲಿ ಇಸ್ರೇಲಿನಲ್ಲಿ ಇದರ ಪ್ರಯೋಗ ಪ್ರಕಟವಾದ ಮೇಲೆ ಬಿಸಿಲು ಜಾಸ್ತಿ ಇರುವ ದೇಶಗಳೆಲ್ಲ ಬಳಸಿಕೊಂಡವು.

ಇಲ್ಲಿ ಬೇಕಾದ್ದು ಪಾರದರ್ಶಕ ಹಾಳೆ. ಕಪ್ಪು ಅಲ್ಲ. ಕಪ್ಪು ಹಾಳೆ ಬಿಸಿಲನ್ನು ತಾನೇ ಹೀರಿ ತಾನೇ ಕಾಯುತ್ತದೆ. ಪಾರದರ್ಶಕ ಹಾಳೆ ಬಿಸಿಲನ್ನು ಒಳಗೆ ಬಿಟ್ಟು, ಕಾವನ್ನು ಹೊರಗೆ ಬಿಡುವುದಿಲ್ಲ. ತೆಳುವಾದಷ್ಟೂ ಒಳ್ಳೆಯದು, 25ರಿಂದ 50 ಮೈಕ್ರಾನ್ ಸಾಕು. ತೀರಾ ತೆಳುವಾದದ್ದು ಬೆಕ್ಕು ಓಡಾಡಿದರೆ ಹರಿಯುತ್ತದೆ. ನಮ್ಮಲ್ಲಿ ಬೆಕ್ಕು ಇರುವುದರಿಂದ ನಾನು 50 ತಂದೆ.

ಮಡಿಯನ್ನು ಅರ್ಧ ಅಡಿ ಅಗೆದು, ಗೊಬ್ಬರ ಬೆರೆಸಿ, ಹೆಂಟೆ ಒಡೆದು, ಹಲಗೆ ಎಳೆದು ಸಮ ಮಾಡಿದೆ. ಆಮೇಲೆ ಚೆನ್ನಾಗಿ ನೀರು ಕುಡಿಸಿದೆ. ನೀರು ಬಿಡದೆ ಹೊದಿಸಿದರೆ ಅರ್ಧ ಫಲ ಹೋಯಿತು ಅಂತಲೇ ತಿಳಿಯಿರಿ. ಒದ್ದೆ ಮಣ್ಣು ಕಾವನ್ನು ಆಳಕ್ಕೆ ಇಳಿಸುತ್ತದೆ, ನೆಂದ ಬೀಜ ಒಣ ಬೀಜಕ್ಕಿಂತ ಬೇಗ ಸಾಯುತ್ತದೆ. ಹಾಳೆಯನ್ನು ಮಣ್ಣಿಗೆ ಅಂಟಿದ ಹಾಗೆ ಎಳೆದು ಹಾಸಿ, ಸುತ್ತಲೂ ಗೇಣು ಆಳದ ಕಾಲುವೆ ತೋಡಿ ಅಂಚನ್ನು ಹೂತು ತುಳಿದೆ. ಅಂಚಿನಲ್ಲಿ ಗಾಳಿ ಆಡಿದರೆ ಕಾವು ನಿಲ್ಲುವುದಿಲ್ಲ.

ಒಳ್ಳೆ ಬಿಸಿಲಿನ ದಿನ ಮೇಲಿನ ಎರಡು ಇಂಚು ಮಣ್ಣು 45 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಒಂದು ಮೂಲೆ ಬಿಡಿಸಿ ಮಣ್ಣಿಗೆ ಬೆರಳು ತೂರಿಸಿದೆ. ಹೊರಗಿನ ಮಣ್ಣು ಬೆಚ್ಚಗಿತ್ತು, ಒಳಗಿನದರಲ್ಲಿ ಬೆರಳು ಇಟ್ಟುಕೊಂಡು ಕೂರಲು ಆಗಲಿಲ್ಲ. ಹಾಳೆಯ ಒಳಮೈ ತುಂಬ ಹನಿ. ಆ ಹನಿ ಇದ್ದರೆ ಒಳಗೆ ತೇವ ಇದೆ ಅಂತ ಅರ್ಥ. ಮೊದಲ ವಾರ ಒಳಗೆ ಮೊಳಕೆ ಎದ್ದವು, ಎರಡನೇ ವಾರದಲ್ಲಿ ಬೆಂದ ಸೊಪ್ಪಿನಂತೆ ಹಾಳೆಗೆ ಅಂಟಿಕೊಂಡು ಕರಗಿದವು.

ನಾಲ್ಕರಿಂದ ಆರು ವಾರ ಹೀಗೇ ಬಿಡಬೇಕು. ಮೈಸೂರಿನ ಕಡೆ ಒಂದು ತೊಂದರೆ ಇದೆ. ಮೇ ತಿಂಗಳಲ್ಲಿ ಸಂಜೆ ಮೋಡ, ಮಳೆ ಜಾಸ್ತಿ. ಮೋಡದ ದಿನ ಮಣ್ಣು ಕಾಯುವುದಿಲ್ಲ. ಆದ್ದರಿಂದ ನಮ್ಮ ಸೀಮೆಯಲ್ಲಿ ಮಾರ್ಚ್ ಕೊನೆಗೇ ಹೊದಿಸುವುದು ಉತ್ತಮ. ರಾಯಚೂರು, ಕಲಬುರಗಿ ಕಡೆಯವರಿಗೆ ಈ ಚಿಂತೆ ಕಡಿಮೆ, ಮೇ ತಿಂಗಳೂ ಅವರ ಕೈಯಲ್ಲೇ ಇರುತ್ತದೆ. ಮಂಗಳೂರು ಕಡೆಯವರು ಫೆಬ್ರವರಿಯಲ್ಲೇ ಮುಗಿಸಿಕೊಳ್ಳಲಿ.

ಗರಿಕೆ: ಒಣ ನೆಲ ಇರುವಾಗಲೇ

ಗೋಡೆ ಬದಿಯ ಗರಿಕೆಗೆ ಹನಿ ನೀರೂ ತಾಗಿಸಲಿಲ್ಲ. ಗರಿಕೆಯ ಒಂದೊಂದು ಗಿಣ್ಣೂ ಒಂದೊಂದು ಗಿಡ. ಗುದ್ದಲಿಯಲ್ಲಿ ಕೊಚ್ಚಿದರೆ ಒಂದಿದ್ದದ್ದು ಹತ್ತಾಗುತ್ತದೆ. ಪವರ್ ವೀಡರ್ ಬಾಡಿಗೆಗೆ ತಂದು ಓಡಿಸಿದರೆ ಇನ್ನೂ ಚೆಂದ, ಇಡೀ ಹಿತ್ತಲಿಗೆ ಹಂಚಿದಂತೆ. ಹಾಗಾಗಿ ಕಡಿಯದೆ ಮೀಟಬೇಕು. ಹಾರೆಯನ್ನು ಒಂದಡಿ ಇಳಿಸಿ ಹಿಂದಕ್ಕೆ ಒತ್ತಿದರೆ ಹೆಂಟೆ ಬಾಯಿ ಬಿಡುತ್ತದೆ. ಆ ಹೆಂಟೆಯನ್ನು ಕೈಯಲ್ಲಿ ಮುರಿದು, ಬೆಳ್ಳಗಿನ ಬೇರುಕಾಂಡವನ್ನು ಉದ್ದಕ್ಕೆ ಎಳೆದು ತೆಗೆಯಬೇಕು. ತಾಳ್ಮೆಯ ಕೆಲಸ. ರೇಡಿಯೋ ಹಾಕಿಕೊಂಡು ಕೂತರೆ ಸಾಗುತ್ತದೆ.

ತೆಗೆದದ್ದನ್ನು ಮಂಕರಿಯಲ್ಲಿ ತುಂಬಿ ತಾರಸಿಗೆ ಹೊತ್ತು ಹರಡಿದೆ. ಗೊಬ್ಬರದ ಗುಂಡಿಗೆ ಹಸಿಯಾಗಿ ಹಾಕಬಾರದು, ಅಲ್ಲೇ ಚಿಗುರುತ್ತದೆ. ಹಿಡಿದು ಬಗ್ಗಿಸಿದಾಗ ಚಟ್ ಅಂತ ಮುರಿಯುವಷ್ಟು ಒಣಗಿದ ಮೇಲೆ ಗುಂಡಿಗೆ ಹಾಕಬಹುದು.

ಅಷ್ಟಕ್ಕೇ ಮುಗಿಯುವುದಿಲ್ಲ. ಗೋಡೆ ಆಚೆಯ ಸೈಟಿನ ಗರಿಕೆ ಪಾಯದ ಸಂದಿಯಿಂದ ಮತ್ತೆ ನುಗ್ಗುತ್ತದೆ. ಅಡುಗೆಮನೆ ಕೆಲಸದಲ್ಲಿ ಉಳಿದಿದ್ದ ಕಡಪ ಕಲ್ಲಿನ ಪಟ್ಟಿಗಳನ್ನು ಗೋಡೆ ಗುಂಟ ಒಂದಡಿ ಆಳಕ್ಕೆ ನಿಲ್ಲಿಸಿ ಹೂತೆ, ನೆಲದ ಮೇಲೆ ಎರಡು ಇಂಚು ಕಾಣುವಂತೆ. ಮೇಲಿನಿಂದ ಹಬ್ಬಿ ಬಂದರೆ ಕಣ್ಣಿಗೆ ಬೀಳುತ್ತದೆ, ಕತ್ತರಿಸಬಹುದು. ಕಡಪ ಇಲ್ಲದವರು ಹಳೇ ಸಿಮೆಂಟ್ ಶೀಟಿನ ತುಂಡು ಬಳಸಬಹುದು ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಒಡೆದರೆ ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬೇಡ.

ಒಂದು ಹಿಡಿ ಗರಿಕೆ ಕುಂಡದಲ್ಲಿ ನೆಟ್ಟು ಉಳಿಸಿದ್ದೇನೆ. ಗಣಪತಿ ಹಬ್ಬಕ್ಕೆ ಇಪ್ಪತ್ತೊಂದು ಗರಿಕೆಗೆ ಬೀದಿ ಅಲೆಯೋಕಾಗುತ್ತಾ? ಕುಂಡದಲ್ಲಿದ್ದರೆ ಅಂಕೆಯಲ್ಲಿರುತ್ತದೆ.

ಭರಣಿ, ಕೃತ್ತಿಕಾ: ಕಳೆ ಬಿತ್ತನೆ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವ ಮಾತಿದೆ. ಆ ಬೆಳೆಯಲ್ಲಿ ಕಳೆಯ ಪಾಲೂ ಇದೆ. ಅದನ್ನೇ ಉಪಯೋಗಿಸಿಕೊಂಡೆ.

ನಡು ಜಾಗವನ್ನು ಮೇ ಮೊದಲ ಮಳೆಗೆ ಮುಂಚೆ ಒಂದೇ ಸಲ ಆಳವಾಗಿ ಅಗೆದೆ. ಗೊಬ್ಬರವನ್ನೂ ಆಗಲೇ ಹಾಕಿ ಬೆರೆಸಿದೆ. ಇದನ್ನು ಒತ್ತಿ ಹೇಳಬೇಕು. ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿಲ್ಲದಿದ್ದರೆ ಅದರಲ್ಲೇ ಕಳೆ ಬೀಜ ಇರುತ್ತದೆ. ದನ ತಿಂದ ಬೀಜ ಸಗಣಿಯಲ್ಲಿ ಜೀವಂತವಾಗಿ ಹೊರಗೆ ಬರುತ್ತದೆ. ಬಿತ್ತುವ ದಿನ ಗೊಬ್ಬರ ಹಾಕಿದರೆ ಬೆಳೆ ಜೊತೆ ಕಳೆಯನ್ನೂ ಬಿತ್ತಿದ ಹಾಗೆ. ತಿಂಗಳು ಮುಂಚೆ ಹಾಕಿದರೆ ಆ ಬೀಜವೂ ಈ ಸರದಿಯಲ್ಲೇ ಹುಟ್ಟಿ ಸಾಯುತ್ತದೆ.

ಅಗೆದ ಮೇಲೆ ಬಿತ್ತುವ ದಿನದಂತೆಯೇ ಮಡಿ ಸಿದ್ಧ ಮಾಡಿದೆ. ಹೆಂಟೆ ಪುಡಿ, ನೆಲ ಸಮ, ಹಲಗೆಯಿಂದ ಮೆಲ್ಲಗೆ ತಟ್ಟಿದ್ದು. ಮಣ್ಣು ಬೀಜಕ್ಕೆ ಒತ್ತಿಕೊಂಡಷ್ಟೂ ಕಳೆ ಒಟ್ಟಿಗೆ ಹುಟ್ಟುತ್ತದೆ. ಮಳೆ ಕೈಕೊಟ್ಟ ದಿನ ನೀರು ಚಿಮುಕಿಸಿದೆ. ಬರೀ ಮಣ್ಣಿಗೆ ನೀರು ಹಾಕುತ್ತಿರುವುದನ್ನು ಎದುರು ಮನೆಯವರು ನೋಡಿ, "ಏನ್ ಸಾರ್, ಬೀಜ ಹಾಕಿ ಮರ್ತ್‌ಬಿಟ್ರಾ?" ಅಂದರು.

ವಾರದೊಳಗೆ ಮುಳ್ಳು ದಂಟು ಕೆಂಪು ಜಮಖಾನ ಹಾಸಿದಂತೆ ಎದ್ದಿತು. ನಡುನಡುವೆ ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಕಾಂಗ್ರೆಸ್ ಮರಿ. ಎರಡೆಲೆ ದಾಟಿ ಮೂರನೇ ಎಲೆ ಬರುವ ಹೊತ್ತಿಗೆ ಒಂದು ಬಿಸಿಲಿನ ದಿನ ಬೆಳಗ್ಗೆ ಹತ್ತರ ನಂತರ ಕೆತ್ತಲು ಶುರು ಮಾಡಿದೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಬಾಡಬೇಕಲ್ಲ. ಮೋಡದ ದಿನ ಕೆತ್ತಿದರೆ ಅಲ್ಲೇ ಬೇರು ಕಚ್ಚುತ್ತವೆ. ಅದರಲ್ಲೂ ಗೋಣಿ ಸೊಪ್ಪು ದಪ್ಪ ಕಾಂಡದ ನೀರಿನಲ್ಲೇ ದಿನಗಟ್ಟಲೆ ಬದುಕಿರುತ್ತದೆ. ಅದನ್ನು ಮಾತ್ರ ಆರಿಸಿ ಬುಟ್ಟಿಗೆ ಹಾಕಬೇಕು.

ಇಲ್ಲಿ ಮುಖ್ಯ ವಿಷಯ ಆಳ. ಕುರ್ಪಿ ಒಂದು ಇಂಚಿಗಿಂತ ಕೆಳಗೆ ಹೋಗಬಾರದು. ಸಣ್ಣ ಬೀಜದ ಕಳೆ ಹುಟ್ಟುವುದು ಮೇಲಿನ ಇಂಚು, ಒಂದೂವರೆ ಇಂಚಿನಿಂದ. ಅದರ ಕೆಳಗೆ ಇರುವ ಬೀಜ ಬೆಳಕು ಕಾಣದೆ ವರ್ಷಗಟ್ಟಲೆ ಮಲಗಿರುತ್ತದೆ. ಮಲಗಿದ್ದನ್ನು ಗುದ್ದಲಿ ಹಾಕಿ ಮೇಲೆ ತಂದು ಎಬ್ಬಿಸುವುದು ನಾವೇ. ರೈತರು ಬಿತ್ತೋಕೆ ಮುಂಚೆ ಕುಂಟೆ ಹೊಡೆಯುತ್ತಾರಲ್ಲ, ಅದರ ಅಲಗು ನೆಲವನ್ನು ತಿರುವಿ ಹಾಕುವುದಿಲ್ಲ, ಮೇಲ್ಪದರದ ಕೆಳಗೆ ಹರಿದು ಬೇರು ಕತ್ತರಿಸುತ್ತದೆ. ಹಿತ್ತಲಲ್ಲಿ ಕುರ್ಪಿಯನ್ನು ಅಡ್ಡ ಮಲಗಿಸಿ ಎಳೆದರೆ ಅದೇ ಕೆಲಸ.

ಕೆತ್ತುತ್ತಾ ಇರುವಾಗ ಪಕ್ಕದ ಕಟ್ಟಡಕ್ಕೆ ಗಾರೆ ಕೆಲಸಕ್ಕೆ ಬರುವ ಅಕ್ಕ ಕಾಂಪೌಂಡ್ ಮೇಲಿಂದ ಇಣುಕಿದರು. ಮಂಡ್ಯ ಕಡೆಯವರು.

"ಯಾಕಣ್ಣ ಎಲ್ಲಾನೂ ಕಿತ್ತಾಕ್ತಿದ್ದೀಯ? ಅದು ಅಣ್ಣೆ ಸೊಪ್ಪು ಕಣಣ್ಣ."

"ಗೊತ್ತಕ್ಕ. ಬೇಕಾ?"

"ಬೇಡ ಅಂದೋರ್ಯಾರು? ಗೋಣಿ ಸೊಪ್ಪೂ ಮಡಗು. ಮುಳ್ಳ್‌ದಂಟೂ ಎಳೇದಾದ್ರೆ ಹಾಕ್ಬೋದು. ಬೆರಕೆ ಸೊಪ್ಪಿನ ಉಪ್ಸಾರು ಮಾಡಿ ಮುದ್ದೆ ತಿಂದ್ ನೋಡು, ಆಮೇಲೆ ಹೇಳು ಇದು ಕಳೆ ಅಂತ."

ಒಂದು ಚೀಲ ಅವರಿಗೆ ಹೋಯಿತು, ಒಂದು ಪಾತ್ರೆಯಷ್ಟು ನಮ್ಮ ಅಡುಗೆಮನೆಗೆ. ಕಾಂಗ್ರೆಸ್ ಮರಿ ಒಂದೂ ಸೇರದಂತೆ ಆರಿಸುವ ಕೆಲಸ ಅವರದೇ ಕೈಚಳಕ, ನನಗಿಂತ ಎರಡು ಪಟ್ಟು ಬೇಗ. ಗುರುತು ಗೊತ್ತಿಲ್ಲದ ಸೊಪ್ಪನ್ನು ಮಾತ್ರ ಯಾರೂ ಸುಮ್ನೆ ಸಾರಿಗೆ ಹಾಕಬೇಡಿ.

ಕೃತ್ತಿಕಾ ಮಳೆಗೆ ಎರಡನೇ ಸರದಿ ಹುಟ್ಟಿತು. ಈ ಸಲ ಜಮಖಾನ ಇಲ್ಲ, ಅಲ್ಲೊಂದು ಇಲ್ಲೊಂದು. ಮತ್ತೆ ಅದೇ ರೀತಿ ತೆಳ್ಳಗೆ ಕೆತ್ತಿದೆ. ರೋಹಿಣಿಗೆ ಹುಟ್ಟಿದ್ದನ್ನು ಕೈಯಲ್ಲೇ ಕಿತ್ತು ಮುಗಿಸಬಹುದಿತ್ತು.

ಜೇಕು

ಬೇರೆ ಯಾವ ಕಳೆಗೂ ಇಷ್ಟು ಬೆವರು ಸುರಿಸಿಲ್ಲ. ಜೇಕನ್ನು ಕಿತ್ತರೆ ಎಲೆ ಕೈಗೆ ಬರುತ್ತದೆ, ಗಡ್ಡೆ ಅಲ್ಲೇ ಇರುತ್ತದೆ. ಕಪ್ಪು ಮಲ್ಚಿಂಗ್ ಶೀಟ್ ಹಾಕಿದರೆ ಸೂಜಿಯಂಥ ಮೊಳಕೆಯಿಂದ ತೂತು ಮಾಡಿಕೊಂಡು ಮೇಲೆ ಬರುತ್ತದೆ. ಬಿಸಿಲಲ್ಲಿ ಮಣ್ಣು ಬೇಯಿಸಿದರೂ ಮೇಲಿನ ಗಡ್ಡೆ ಸತ್ತು ಕೆಳಗಿನದು ಉಳಿಯುತ್ತದೆ. ಆದರೆ ಅದಕ್ಕೂ ಎರಡು ಆಗದ ವಿಷಯಗಳಿವೆ: ಒಣಗುವುದು ಮತ್ತು ನೆರಳು.

ನಲ್ಲಿ ಪಕ್ಕದ ಜೇಕಿನ ಜಾಗ 6 ಅಡಿಗೆ 5 ಅಡಿ. ಮೊದಲು ನಲ್ಲಿಯ ಸೋರಿಕೆ ನಿಲ್ಲಿಸಿದೆ. ವಾಷರ್ ಬದಲಿಸಿದ್ದು ಕಳೆ ನಿಯಂತ್ರಣದ ಲೆಕ್ಕಕ್ಕೇ ಸೇರಬೇಕು. ನೆಲ ಒಣಗಿದ ಮೇಲೆ ಇಡೀ ಜಾಗವನ್ನು ಒಂದಡಿ ಆಳ ಅಗೆದು, ಗಾರೆಯವರು ಮರಳು ಜಾಲಿಸುವ ಜರಡಿಯನ್ನು ಓರೆಯಾಗಿ ನಿಲ್ಲಿಸಿ, ಸನಿಕೆಯಲ್ಲಿ ಮಣ್ಣು ಎರಚಿದೆ. ಮಣ್ಣು ಆಚೆ, ಗಡ್ಡೆ ಈಚೆ. ಬಹುಪಾಲು ಗಡ್ಡೆ ಮೇಲಿನ ಅರ್ಧ ಅಡಿಯಲ್ಲೇ ಇತ್ತು. ಜರಡಿಯ ಬುಡದಲ್ಲಿ ಬಿದ್ದ ಗುಡ್ಡೆಯಲ್ಲಿ ಕಡಲೆಕಾಳಿನಷ್ಟು ಸಣ್ಣದರಿಂದ ಅಡಿಕೆಯಷ್ಟು ದಪ್ಪದವರೆಗೆ ಇದ್ದವು. ಕೆಲವಕ್ಕೆ ಆಗಲೇ ಬಿಳಿ ಕೊಂಬು. ಎಲ್ಲವನ್ನೂ ತಾರಸಿಯ ಸಿಮೆಂಟಿನ ಮೇಲೆ ಹರಡಿದೆ. ಎರಡು ವಾರ ಬಿಸಿಲು ತಿಂದರೆ ಒಳಗಿನ ಬಿಳಿ ತಿರುಳು ಕಂದಾಗಿ ಸುಕ್ಕುಗಟ್ಟುತ್ತದೆ. ಮಳೆ ಬರುವ ಸೂಚನೆ ಕಂಡಾಗ ಟಾರ್ಪಾಲಿನ್ ಮುಚ್ಚಬೇಕು. ನೆಂದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಜರಡಿ ಹಿಡಿದರೂ ಎಲ್ಲ ಬರುವುದಿಲ್ಲ, ಸಣ್ಣವು ಜಾರುತ್ತವೆ. ಮಳೆ ಬಿದ್ದ ಮೇಲೆ ಅವು ಚಿಗುರಿದವು. ಆಗ ಮೂರು ನಾಲ್ಕು ಎಲೆಯಲ್ಲೇ ಕುರ್ಪಿ ಆಳಕ್ಕೆ ಹಾಕಿ ಗಡ್ಡೆ ಸಮೇತ ಎತ್ತಬೇಕು. ತಡ ಮಾಡಿದರೆ ಮೂರು ನಾಲ್ಕು ವಾರಕ್ಕೆ ಹೊಸ ಗಡ್ಡೆ ಕಟ್ಟಲು ಶುರು ಮಾಡುತ್ತದೆ. ಆಮೇಲೆ ಒಂದನ್ನು ಕಿತ್ತರೆ ನಾಲ್ಕು ಉಳಿಯುತ್ತದೆ.

ಈ ಜಾಗದಲ್ಲಿ ಈ ವರ್ಷ ಸೊಪ್ಪು, ಈರುಳ್ಳಿ ಯಾವುದೂ ಇಲ್ಲ. ಅವು ನೆರಳು ಕೊಡುವುದಿಲ್ಲ. ಗೆಣಸಿನ ಬಳ್ಳಿ ಒತ್ತಾಗಿ ನೆಟ್ಟಿದ್ದೇನೆ. ಬಳ್ಳಿ ನೆಲ ಮುಚ್ಚಿದರೆ ಜೇಕಿಗೆ ಬಿಸಿಲು ಸಿಗದು. ಇನ್ನೂ ಒಂದು ಲಾಭ: ನಾಲ್ಕು ತಿಂಗಳಿಗೆ ಗೆಣಸು ಕೀಳಲು ನೆಲ ಅಗೆಯಲೇಬೇಕು, ಆಗ ಉಳಿದ ಜೇಕಿನ ಗಡ್ಡೆಯನ್ನೂ ಆರಿಸಬಹುದು.

ಔಷಧಿ ಹೊಡೆಯಬಾರದಾ?

ಗೊಬ್ಬರದ ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಇದೇ. ಗ್ಲೈಫೋಸೇಟ್ ಅನ್ನುವ ಕಳೆನಾಶಕದ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರಿಗೆ ಮಾತ್ರ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. 360 ಚದರ ಅಡಿ ಹಿತ್ತಲಿಗೆ, ಮಕ್ಕಳು, ಬೆಕ್ಕು ಓಡಾಡುವ ಕಡೆ, ನನಗಂತೂ ಅದರ ಅಗತ್ಯ ಕಾಣಲಿಲ್ಲ.

ಮೊಬೈಲಿನಲ್ಲಿ ಓಡಾಡುವ ವಿನೆಗರ್, ಉಪ್ಪು, ಪಾತ್ರೆ ತೊಳೆಯುವ ಸೋಪಿನ ಮಿಶ್ರಣದ ಬಗ್ಗೆಯೂ ಎರಡು ಮಾತು. ಕಿರಾಣಿ ಅಂಗಡಿಯ ವಿನೆಗರ್ ಎಳೆ ಮೊಳಕೆಯ ಎಲೆ ಸುಡುತ್ತದೆ, ಬೇರಿಗೆ ಏನೂ ಆಗುವುದಿಲ್ಲ. ಉಪ್ಪು ಮಾತ್ರ ಕೆಲಸ ಮಾಡುತ್ತದೆ, ಕಳೆಯ ಜೊತೆ ಬೆಂಡೆ, ಬದನೆಯನ್ನೂ ಸಾಯಿಸುತ್ತದೆ. ತರಕಾರಿ ಬೆಳೆಯುವ ಮಣ್ಣಿಗೆ ಉಪ್ಪು ಸುರಿಯಬೇಡಿ.

ನಾಟಿ

ರೋಹಿಣಿ ಮುಗಿಯುವ ಹೊತ್ತಿಗೆ ಸೊಪ್ಪಿನ ಮಡಿಯ ಹಾಳೆ ತೆಗೆದೆ. ಮಣ್ಣು ಹಿಟ್ಟಿನಂತೆ ಉದುರುದುರಾಗಿತ್ತು. ಅಗೆಯಲಿಲ್ಲ. ಬೆರಳಲ್ಲಿ ಅರ್ಧ ಇಂಚು ಗೀರು ಎಳೆದು ದಂಟು, ಪಾಲಕ್, ಮೆಂತ್ಯ ಸಾಲಾಗಿ ಬಿತ್ತಿದೆ. ನಮ್ಮಲ್ಲಿ ಸೊಪ್ಪಿನ ಬೀಜ ಚೆಲ್ಲುವುದೇ ರೂಢಿ. ಆದರೆ ಸಾಲಿನಲ್ಲಿದ್ದರೆ ಸಾಲಿನ ಹೊರಗೆ ಹುಟ್ಟಿದ್ದೆಲ್ಲ ಕಳೆ, ಯೋಚಿಸದೆ ಕೀಳಬಹುದು. ಹಾಳೆಯನ್ನು ತೊಳೆದು, ಒಣಗಿಸಿ, ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ, ಮುಂದಿನ ಮಾರ್ಚ್‌ಗೆ ಬರುತ್ತದೆ.

ಬದನೆ, ಮೆಣಸಿನ ಸಸಿಗೆ ಗುಣಿ ಮಾತ್ರ ತೆಗೆದು ನೆಟ್ಟೆ. ಉಳಿದ ನೆಲ ಕೆದಕಲಿಲ್ಲ. ಸಸಿ ಬುಡದಿಂದ ನಾಲ್ಕು ಬೆರಳು ಬಿಟ್ಟು ಕಬ್ಬಿನ ತರಗು ಹೊದಿಸಿದೆ, ಮೂರು ಇಂಚು ದಪ್ಪಕ್ಕೆ. ರಾಗಿ ಹುಲ್ಲೂ ಸಿಗುತ್ತಿತ್ತು, ಅದರಲ್ಲಿ ಉಳಿದ ರಾಗಿ ಕಾಳು ಮೊಳೆತು ಅದೇ ಇನ್ನೊಂದು ಕಳೆಯಾಗುತ್ತದೆ ಅಂತ ಬಿಟ್ಟೆ. ಓಡಾಡುವ ದಾರಿಗೆ ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ರಟ್ಟಿನ ಪೆಟ್ಟಿಗೆ ಬಿಡಿಸಿ, ಟೇಪು, ಪಿನ್ನು ಕಿತ್ತು, ಒಂದರ ಮೇಲೊಂದು ಗೇಣು ಬರುವಂತೆ ಹಾಸಿ ನೆನೆಸಿ, ಮೇಲೆ ತೆಂಗಿನ ನಾರು ಹರಡಿದೆ. ಜೋಡಣೆ ಒಂದರ ಮೇಲೊಂದು ಬಾರದಿದ್ದರೆ ಸಂದಿಯಿಂದ ಕಳೆ ಬರುತ್ತದೆ.

ಈಗ ಬೆಂಡೆ ನಾಲ್ಕೆಲೆಯಲ್ಲಿದೆ. ಸೊಪ್ಪಿನ ಮಡಿಯಲ್ಲಿ ಕಳೆ ಬಹಳ ಕಡಿಮೆ, ಹಾಳೆಯ ಅಂಚು ಹೂತಿದ್ದ ಸುತ್ತಲಿನ ಪಟ್ಟಿಯಲ್ಲಿ ಮಾತ್ರ ಹುಟ್ಟಿದೆ. ಅಂಚಿನಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ, ಹಾಗಾಗಿ ಹಾಳೆಯನ್ನು ಮಡಿಗಿಂತ ಒಂದಡಿ ಅಗಲ ತರುವುದು ಮೇಲು. ಗೆಣಸಿನ ನಡುವೆ ಜೇಕು ಅಲ್ಲಲ್ಲಿ ತಲೆ ಎತ್ತುತ್ತಿದೆ, ಬಳ್ಳಿ ಹಬ್ಬುವವರೆಗೆ ಎತ್ತುತ್ತಿರಬೇಕು. ಮುಂದಿನ ಕೆಲಸ ಗೋಡೆಯಾಚೆ. ಅಲ್ಲಿನ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಮೊಣಕಾಲೆತ್ತರ ಆಗಿದೆ. ಸೈಟಿನ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದ್ದಾಯಿತು, "ಎಷ್ಟು ಬೇಕಾದರೂ ಕಿತ್ಕೊಳ್ಳಿ" ಅಂದರು. ಹೂ ಬಿಡುವ ಮೊದಲು ಗೋಡೆ ಪಕ್ಕದ ಹತ್ತಡಿಯಾದರೂ ಈ ಶನಿವಾರ ಕೀಳಬೇಕು.